ಸಪ್ತಪದಿಗೂ ಸಭೆ ಇರಲಿ: ಹಸೆಮಣೆ ಏರಲಿರುವವರಿಗೊಂದು ಬಹಿರಂಗ ಪತ್ರ

ಈ ಸಲದ ಲಗ್ನಗಳಲ್ಲಿ ಹಸೆಮಣೆ ಏರಲಿರುವ ಹುಡುಗ ಹುಡುಗಿಯರಿಗೆ,

ನಿಮ್ಮಲ್ಲಿ ಬಹಳ ಮಂದಿಗೆ ಈಗಾಗಲೇ ಛತ್ರ ಸಿಕ್ಕಿರಬಹುದು. ಅಡುಗೆಯವರ ಜೊತೆ ಮಾತು ಮುಗಿದಿರಬಹುದು, ಫೋಟೋದವರು ಮುಂಗಡ ತೆಗೆದುಕೊಂಡಿರಬಹುದು, ಸೀರೆ ಯಾವ ಬಣ್ಣದ್ದು ಎಂಬ ಚರ್ಚೆ ಮಾತ್ರ ಮುಂದುವರಿದಿರಬಹುದು. ಮದುವೆ ಮನೆಯ ಪಟ್ಟಿ ಉದ್ದ. ಆದರೆ ಆ ಪಟ್ಟಿಯಲ್ಲಿ ಒಂದು ವಿಷಯ ಬರೆದದ್ದನ್ನು ನಾನು ಅಪರೂಪಕ್ಕೂ ನೋಡಿಲ್ಲ. ಮಂಟಪದಲ್ಲಿ ಅಗ್ನಿಯ ಮುಂದೆ ಕೂತು ನೀವಿಬ್ಬರೂ ಏನು ಹೇಳಲಿದ್ದೀರಿ, ಯಾರಿಗೆ ಯಾವ ಮಾತು ಕೊಡಲಿದ್ದೀರಿ ಎಂಬ ವಿಷಯ. ಈ ಪತ್ರ ಅದರ ಬಗ್ಗೆ.

ನಮ್ಮ ಕಡೆಯ ಮದುವೆ ಹೇಗೆ ಸಾಗುತ್ತದೆಂದು ನಿಮಗೆ ಗೊತ್ತು. ಬೆಂಗಳೂರು, ಮೈಸೂರಿನಲ್ಲಾದರೆ ಹಿಂದಿನ ದಿನ ಸಂಜೆಯೇ ಆರತಕ್ಷತೆ ಮುಗಿದಿರುತ್ತದೆ. ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ಮತ್ತೆ ಜನ ತುಂಬುತ್ತಾರೆ. ಅಂತರಪಟ ಸರಿಯುತ್ತದೆ, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಜೀರಿಗೆ ಬೆಲ್ಲ ಇಡುತ್ತೀರಿ. ಯಾರೋ ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಾರೆ, ವಾಲಗ ಒಮ್ಮೆಗೇ ಜೋರಾಗುತ್ತದೆ, ಮಾಂಗಲ್ಯಧಾರಣೆ ಆಗುತ್ತದೆ, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಬಂದವರ ಪಾಲಿಗೆ ಅಲ್ಲಿಗೆ ಮದುವೆ ಮುಗಿಯಿತು. ಅರ್ಧ ಜನ ಕವರು ಹಿಡಿದು ವೇದಿಕೆಯ ಸಾಲಿಗೆ, ಇನ್ನರ್ಧ ಜನ ಮೊದಲ ಪಂಕ್ತಿಗೆ. ಆಮೇಲೆ ಹೋಮಕುಂಡ ಬರುತ್ತದೆ. ಲಾಜಹೋಮ, ಸಪ್ತಪದಿ ನಡೆಯುವ ಹೊತ್ತಿಗೆ ಎದುರಿಗೆ ಖಾಲಿ ಕುರ್ಚಿಗಳು, ಒಬ್ಬಿಬ್ಬರು ಅಜ್ಜಿಯರು, ಬ್ಯಾಟರಿ ಬದಲಾಯಿಸುತ್ತಿರುವ ಕ್ಯಾಮೆರಾದವರು. ‘ಸ್ವಾಮೀ, ಸ್ವಲ್ಪ ಬೇಗ ಮುಗಿಸಿ, ಗಂಡಿನ ಕಡೆಯವರು ಊಟಕ್ಕೆ ಕಾಯ್ತಿದ್ದಾರೆ’ ಎಂದು ಯಾರಾದರೂ ಬಂದು ಹೇಳಿಯೇ ಹೇಳುತ್ತಾರೆ. ಪುರೋಹಿತರು ಏಳು ಹೆಜ್ಜೆಯನ್ನು ಒಂದೇ ಉಸಿರಿನಲ್ಲಿ ನಡೆಸಿಬಿಡುತ್ತಾರೆ. ಎಷ್ಟೋ ಮದುವೆಗಳಲ್ಲಿ ವಧೂವರರಿಗೆ ತಾವು ಸಪ್ತಪದಿ ತುಳಿದೆವೆಂಬುದು ಗೊತ್ತಾಗುವುದೂ ಆಲ್ಬಮ್ ಬಂದ ಮೇಲೆಯೇ.

ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಏಕೆಂದರೆ ಜನ ಎದ್ದು ಹೋದ ಮೇಲೆ ನಡೆಯುವುದೇ ಮದುವೆಯ ಮುಖ್ಯ ಭಾಗ.

ಶಾಸ್ತ್ರದ ಮಾತಿರಲಿ, ಮೊದಲು ಕಾನೂನನ್ನೇ ನೋಡಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ, ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗಿ ಇಬ್ಬರನ್ನೂ ಬಂಧಿಸುತ್ತದೆ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಒಂದು ಪ್ರಕರಣದಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆ ಜೋಡಿ ಯಾವ ವಿಧಿಯನ್ನೂ ನಡೆಸದೆ ಸಂಸ್ಥೆಯೊಂದರಿಂದ ಪ್ರಮಾಣಪತ್ರ ಪಡೆದು, ಅದರ ಮೇಲೆ ನೋಂದಣಿಯನ್ನೂ ಮಾಡಿಸಿಕೊಂಡಿತ್ತು. ವಿಧಿಯೇ ನಡೆಯದಿದ್ದರೆ ನೋಂದಣಿ ಪತ್ರವೊಂದರಿಂದಲೇ ಹಿಂದೂ ವಿವಾಹ ಆಗುವುದಿಲ್ಲ ಎಂದು ಪೀಠ ಹೇಳಿತು. ಮದುವೆ ಒಂದು ಸಂಸ್ಕಾರ, ಅದು ಹಾಡು ಕುಣಿತಕ್ಕೋ ಉಣ್ಣುವುದು ಕುಡಿಯುವುದಕ್ಕೋ ವರದಕ್ಷಿಣೆ ಕೇಳುವುದಕ್ಕೋ ಇರುವ ಸಂದರ್ಭವಲ್ಲ, ಕಾಲಿಡುವ ಮೊದಲು ಯುವಕ ಯುವತಿಯರು ಚೆನ್ನಾಗಿ ಯೋಚಿಸಬೇಕು ಎಂಬ ಅರ್ಥದ ಕಿವಿಮಾತೂ ಆ ತೀರ್ಪಿನಲ್ಲಿತ್ತು. ನೋಂದಣಿಯನ್ನು ಅಗತ್ಯವಾಗಿ ಮಾಡಿಸಿ. ಆದರೆ ನಿಮ್ಮನ್ನು ಗಂಡ ಹೆಂಡತಿಯಾಗಿಸುವುದು ನೀವು ಇಡುವ ಹೆಜ್ಜೆ, ಆಡುವ ಮಾತು.

ಮಾಂಗಲ್ಯವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ನಮ್ಮ ತಾಯಂದಿರು ಕತ್ತಿನಲ್ಲಿ ಧರಿಸಿ ಜೀವದಂತೆ ಕಾಪಾಡಿಕೊಂಡ ಒಡವೆ ಅದು. ಆದರೆ ಹಳೆಯ ಗೃಹ್ಯಸೂತ್ರಗಳು ವಿವರಿಸುವ ವಿವಾಹದಲ್ಲಿ ತಾಳಿ ಕಟ್ಟುವ ವಿಧಿ ಇಲ್ಲ. ಅಲ್ಲಿರುವುದು ಪಾಣಿಗ್ರಹಣ, ಅಗ್ನಿ ಪ್ರದಕ್ಷಿಣೆ, ಕಲ್ಲು ತುಳಿಸುವುದು, ಅರಳಿನ ಹೋಮ, ಏಳು ಹೆಜ್ಜೆ. ಮಾಂಗಲ್ಯ ಆಮೇಲೆ ರೂಢಿಯಿಂದ ಸೇರಿಕೊಂಡು, ಜನರ ಪ್ರೀತಿಯಿಂದ ನಡುಸ್ಥಾನಕ್ಕೆ ಬಂತು. ಬರಲಿ. ಅದರ ಗಟ್ಟಿಮೇಳದ ಗದ್ದಲದಲ್ಲಿ ಹಳೆಯದು ಮೂಲೆಗೆ ಸರಿಯಬಾರದು ಎಂಬುದಷ್ಟೇ ನನ್ನ ಕಳಕಳಿ.

ಏಳು ಹೆಜ್ಜೆಯಲ್ಲಿ ಏನಿದೆ? ಆಶ್ವಲಾಯನ ಗೃಹ್ಯಸೂತ್ರದ ಕ್ರಮ ಹೀಗೆ. ಮೊದಲ ಹೆಜ್ಜೆ ಅನ್ನಕ್ಕೆ. ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತು ಬೆಳೆಯುವುದಕ್ಕೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಮಕ್ಕಳಿಗೆ, ಆರನೆಯದು ಋತುಗಳಿಗೆ. ಏಳನೆಯದು ಸ್ನೇಹಕ್ಕೆ. ಬೇರೆ ಸೂತ್ರಗಳಲ್ಲಿ ನಡುವಿನ ಹೆಜ್ಜೆಗಳ ಮಾತು ಅಷ್ಟಿಷ್ಟು ಬದಲಾಗುತ್ತದೆ, ಆದರೆ ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಸ್ನೇಹದಲ್ಲಿಯೇ. ಈ ಕ್ರಮವನ್ನು ನಿಧಾನವಾಗಿ ಓದಿನೋಡಿ. ಮನೆಯೆಂದರೆ ಮೊದಲು ಒಲೆ ಉರಿಯಬೇಕು, ಅದಕ್ಕೆ ಅನ್ನ ಮೊದಲು. ದುಡಿಯಲು ಮೈಯಲ್ಲಿ ಕಸುವಿರಬೇಕು. ದುಡಿದದ್ದು ಉಳಿಯಬೇಕು. ಉಳಿದ ಮೇಲೆ ನೆಮ್ಮದಿ, ನೆಮ್ಮದಿಯಿದ್ದಲ್ಲಿ ಮಕ್ಕಳು. ಆರನೆಯ ಹೆಜ್ಜೆ ನನಗೆ ಬಹಳ ಹಿಡಿಸುತ್ತದೆ. ಬೇಸಿಗೆ, ಮಳೆಗಾಲ, ಚಳಿಗಾಲ ಎಲ್ಲವನ್ನೂ ಜೊತೆಯಾಗಿ ಕಳೆಯೋಣ, ಕಾಲ ನಮಗೆ ಒದಗಿ ಬರಲಿ ಎಂಬ ಆಸೆ ಅಲ್ಲಿದೆ. ಇಷ್ಟೆಲ್ಲ ಕೇಳಿಕೊಂಡ ಮೇಲೆ ಏಳನೆಯದಕ್ಕೆ ಇನ್ನೇನು ಉಳಿಯಿತು? ಮನೆ, ಧಾನ್ಯ, ಸಂತಾನ ಎಲ್ಲ ಇದ್ದೂ ಇಬ್ಬರ ನಡುವೆ ಸ್ನೇಹವಿಲ್ಲದಿದ್ದರೆ ಆ ಮನೆಯೊಳಗೆ ಇರುವುದು ಎಷ್ಟು ಕಷ್ಟವೆಂದು ಈ ವಿಧಿಯನ್ನು ಕಟ್ಟಿದವರಿಗೆ ತಿಳಿದಿತ್ತು ಎಂದು ನಾನು ನಂಬುತ್ತೇನೆ.

ಏಳನೆಯ ಹೆಜ್ಜೆಯಾದ ಮೇಲೆ ಆಪಸ್ತಂಬ ಸಂಪ್ರದಾಯದಲ್ಲಿ ವರ ಹೇಳುವ ಮಾತೊಂದಿದೆ. ಏಳು ಹೆಜ್ಜೆ ನಡೆದು ನಾವು ಗೆಳೆಯರಾದೆವು, ಈ ಗೆಳೆತನದಿಂದ ನಾನು ದೂರವಾಗದಿರಲಿ, ನೀನೂ ದೂರವಾಗದಿರು ಎಂಬುದು ಅದರ ಭಾವ. ಮುಂದೆ ಒಬ್ಬರನ್ನು ಸಾಮಕ್ಕೂ ಇನ್ನೊಬ್ಬರನ್ನು ಋಕ್ಕಿಗೂ, ಒಬ್ಬರನ್ನು ಆಕಾಶಕ್ಕೂ ಇನ್ನೊಬ್ಬರನ್ನು ಭೂಮಿಗೂ ಸಮನಾಗಿಡುವ ಮಾತು ಬರುತ್ತದೆ. ಋಕ್ಕಿಲ್ಲದೆ ಸಾಮಗಾನವಿಲ್ಲ. ಮದುವೆಯಾದ ಎಷ್ಟು ಗಂಡಸರಿಗೆ ತಾವು ಈ ಮಾತು ಹೇಳಿದ್ದು ಗೊತ್ತು? ಪುರೋಹಿತರು ಹೇಳಿಕೊಟ್ಟದ್ದನ್ನು ಅರ್ಧ ತೊದಲಿ, ಬೆವರು ಒರೆಸಿಕೊಂಡು ಮುಗಿಸಿರುತ್ತಾರೆ. ಪಕ್ಕದಲ್ಲಿದ್ದ ಹೆಣ್ಣಿಗಂತೂ ಅದು ತನಗೆ ಹೇಳಿದ ಮಾತು ಎಂಬುದೇ ತಿಳಿದಿರುವುದಿಲ್ಲ.

ಜೊತೆಯಾಗಿ ಏಳು ಹೆಜ್ಜೆ ಇಟ್ಟರೆ ಸ್ನೇಹವಾಗುತ್ತದೆ ಎಂಬ ನಂಬಿಕೆ ಮದುವೆಯ ಮಂಟಪಕ್ಕೆ ಮಾತ್ರ ಸೇರಿದ್ದಲ್ಲ. ಮಹಾಭಾರತದ ವನಪರ್ವದಲ್ಲಿ ಸಾವಿತ್ರಿ ಯಮನ ಹಿಂದೆ ನಡೆದು ಹೋಗುತ್ತಾಳಲ್ಲ, ಅಲ್ಲಿ ಅವಳು ಹೂಡುವ ವಾದದ ಬುಡವೇ ಇದು. ಏಳು ಹೆಜ್ಜೆ ಜೊತೆಗೆ ನಡೆದವರು ಮಿತ್ರರೆಂದು ಬಲ್ಲವರು ಹೇಳುತ್ತಾರೆ, ಆ ಮೈತ್ರಿಯನ್ನು ಮುಂದಿಟ್ಟುಕೊಂಡು ನಿನ್ನೊಡನೆ ಮಾತಾಡುತ್ತೇನೆ ಎನ್ನುತ್ತಾಳೆ. ಸಾವಿನ ಒಡೆಯನಿಗೂ ಆ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಸಾವಿತ್ರಿಯನ್ನು ನಾವು ವ್ರತದ ಕತೆಯಲ್ಲಿ ಪತಿವ್ರತೆಯಾಗಿಯೇ ನೆನೆಯುತ್ತೇವೆ. ಅವಳು ಗಂಡನನ್ನು ಗೆದ್ದು ತಂದದ್ದು ಮಾತಿನ ಶಕ್ತಿಯಿಂದ, ಸ್ನೇಹದ ನಿಯಮವನ್ನು ಸಾವಿನ ಎದುರಿಗೂ ಹಿಡಿದು ನಿಲ್ಲಿಸಿದ ಧೈರ್ಯದಿಂದ.

ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ ಹೇಳಬೇಕು. ನಿಮ್ಮ ಮದುವೆಯಲ್ಲಿ ಹೇಳುವ ಮಂತ್ರಗಳಲ್ಲಿ ಬಹಳಷ್ಟು ಋಗ್ವೇದದ ಹತ್ತನೆಯ ಮಂಡಲದ 85ನೇ ಸೂಕ್ತದಿಂದ ಬಂದವು. 47 ಮಂತ್ರಗಳ ಆ ಸೂಕ್ತಕ್ಕೆ ಋಷಿ ಸೂರ್ಯಾ ಸಾವಿತ್ರಿ ಎಂಬ ಹೆಣ್ಣು ಎಂದು ಪರಂಪರೆ ಹೇಳುತ್ತದೆ. ಸೂರ್ಯನ ಮಗಳಾದ ಅವಳ ಮದುವೆಯದೇ ವರ್ಣನೆ ಅದರಲ್ಲಿ. ಸೋಮ ಮದುವೆ ಗಂಡು, ಹೆಣ್ಣು ಕೇಳಲು ಬಂದವರು ಅಶ್ವಿನಿ ದೇವತೆಗಳು. ಪಾಣಿಗ್ರಹಣದ ಮಂತ್ರ ಇದರಲ್ಲಿದೆ. ಗಂಡನ ಮನೆಗೆ ಹೋಗುವವಳಿಗೆ ಅತ್ತೆ, ಮಾವ, ನಾದಿನಿ, ಮೈದುನರ ನಡುವೆ ಸಾಮ್ರಾಜ್ಞಿಯಾಗಿರು ಎಂದು ಹರಸುವ ಮಂತ್ರವೂ ಇದರಲ್ಲಿಯೇ ಇದೆ. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ‘ತಗ್ಗಿ ಬಗ್ಗಿ ನಡಕೋ, ಎದುರು ಮಾತಾಡಬೇಡ’ ಎಂದು ಕಿವಿಯಲ್ಲಿ ಹೇಳುವವರು ಬಹಳ ಮಂದಿ ಸಿಗುತ್ತಾರೆ. ಅದೇ ದಿನ ಬೆಳಿಗ್ಗೆ ಅದೇ ಮಂಟಪದಲ್ಲಿ ನಿಮಗೆ ಪಟ್ಟ ಕಟ್ಟುವ ಮಾತು ಹೇಳಿ ಆಗಿರುತ್ತದೆ ಎಂಬುದನ್ನು ನೆನಪಿಡಿ. ಆ ಸೂಕ್ತದಲ್ಲಿ ಹತ್ತು ಗಂಡುಮಕ್ಕಳನ್ನು ಬೇಡುವ ಮಾತೂ ಇದೆ. ಅದು ಆ ಕಾಲದ ಬೇಡಿಕೆ, ಗೌರವದಿಂದ ಅಲ್ಲಿಯೇ ಬಿಟ್ಟು ಮುಂದೆ ಹೋಗಬಹುದು.

ಇನ್ನು ಧಾರೆಯ ವಿಷಯ. ನಮ್ಮ ನಾಡಿನ ಬಹುಪಾಲು ಜಾತಿ ಸಮುದಾಯಗಳಲ್ಲಿ ಮುಹೂರ್ತವೆಂದರೆ ಧಾರೆ ಮುಹೂರ್ತ. ವರನ ಬೊಗಸೆಯ ಮೇಲೆ ವಧುವಿನ ಬೊಗಸೆ, ಅದರಲ್ಲಿ ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿ. ಹಿಂದೆ ಸೋದರಮಾವ ನಿಂತಿರುತ್ತಾನೆ. ತಂದೆ ಸಂಕಲ್ಪ ಹೇಳುತ್ತಿರುವಾಗ ತಾಯಿ ಸಣ್ಣ ತಂಬಿಗೆಯಿಂದ ನೀರನ್ನೋ ಹಾಲನ್ನೋ ಎರೆಯುತ್ತಾಳೆ. ಅದು ಕಾಯಿಯ ಜುಟ್ಟಿನ ಮೇಲೆ ಬಿದ್ದು, ಮಗಳ ಬೆರಳ ಸಂದಿಯಿಂದ ಅಳಿಯನ ಬೆರಳ ಸಂದಿಗೆ ಇಳಿದು, ಕೆಳಗಿನ ತಟ್ಟೆಗೆ ಬೀಳುತ್ತದೆ. ಎರೆಯುವ ತಾಯಿಯ ಕೈ ನಡುಗುವುದನ್ನು ಹತ್ತಿರ ನಿಂತವರು ಕಾಣುತ್ತಾರೆ. ಮಗಳು ತಲೆ ಎತ್ತುವುದಿಲ್ಲ. ಇಡೀ ಮದುವೆಯಲ್ಲಿ ಫೋಟೋದವರು ಹೇಳದೆಯೂ ಎಲ್ಲರೂ ಸುಮ್ಮನಾಗುವ ಗಳಿಗೆ ಅದೊಂದೇ.

ಇಂಥ ಗಳಿಗೆಯಿಂದ ನಾವು ಕೆಲವು ತಾಯಂದಿರನ್ನು ಹೊರಗಿಡುತ್ತೇವೆ. ನಾನು ಕಂಡ ಒಂದು ಮದುವೆಯಲ್ಲಿ ತಂದೆ ತೀರಿಕೊಂಡಿದ್ದರು. ಮಗಳನ್ನು ಓದಿಸಿ, ಸಾಲ ಮಾಡಿ, ಛತ್ರ ಹಿಡಿದು ಮದುವೆ ಎತ್ತಿದವಳು ತಾಯಿ. ಧಾರೆಯ ಹೊತ್ತಿಗೆ ಮಣೆಯ ಮೇಲೆ ಚಿಕ್ಕಪ್ಪ ಚಿಕ್ಕಮ್ಮ ಕೂತರು. ತಾಯಿ ಅಡುಗೆ ಮನೆಯ ಬಾಗಿಲ ಹತ್ತಿರ, ಕಂಬದ ಮರೆಯಲ್ಲಿ, ಸೆರಗಿನ ತುದಿ ಹಿಡಿದು ನಿಂತಿದ್ದಳು. ಯಾರೂ ಅವಳನ್ನು ಗದರಿಸಿರಲಿಲ್ಲ, ತಡೆದಿರಲಿಲ್ಲ. ಅಲ್ಲಿಗೆ ಬರಬಾರದೆಂದು ಅವಳಿಗೇ ಗೊತ್ತಿತ್ತು, ಅಷ್ಟೇ. ಮಗಳು ಕಣ್ಣಲ್ಲೇ ಹುಡುಕುತ್ತಿದ್ದಳು.

ಇದನ್ನು ಶಾಸ್ತ್ರ ಎಂದು ಹೇಳುವವರಿಗೆ ಶಾಸ್ತ್ರದಿಂದಲೇ ಉತ್ತರ ಇದೆ. ಯಾಜ್ಞವಲ್ಕ್ಯ ಸ್ಮೃತಿಯ ಮೊದಲ ಅಧ್ಯಾಯದಲ್ಲಿ ಕನ್ಯೆಯನ್ನು ಕೊಡಲು ಅಧಿಕಾರವಿರುವವರ ಪಟ್ಟಿ ಬರುತ್ತದೆ: ತಂದೆ, ಅಜ್ಜ, ಅಣ್ಣತಮ್ಮ, ಕುಲದವರು, ಆಮೇಲೆ ತಾಯಿ. ಕೊನೆಯಲ್ಲಿ ಹೆಸರಿಸಿರುವುದು ನನಗೆ ಒಪ್ಪಿಗೆಯಲ್ಲ. ಆದರೆ ಹೆಸರು ಇದೆ, ಅದೂ ಒಬ್ಬಳೇ ತಾಯಿಯಾಗಿ, ಗಂಡನ ಜೊತೆಗೆ ಎಂಬ ಷರತ್ತಿಲ್ಲದೆ. ಈ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕೂತು ಬರೆದವನು. ಭಾರತದ ಬಹುಭಾಗದ ಹಿಂದೂ ಕಾನೂನಿಗೆ ಬುನಾದಿಯಾದ ಗ್ರಂಥ ಅದು. ನಿಮ್ಮ ಮನೆಯಲ್ಲಿ ತಂದೆ ಇಲ್ಲದಿದ್ದರೆ, ಧಾರೆಯ ತಂಬಿಗೆ ತಾಯಿಯ ಕೈಯಲ್ಲಿಯೇ ಇರಲಿ. ಇದನ್ನು ಮದುವೆಯ ದಿನ ಹೇಳಿದರೆ ಗದ್ದಲವಾಗುತ್ತದೆ, ತಾಯಿಯೇ ಹಿಂಜರಿಯುತ್ತಾಳೆ. ತಿಂಗಳ ಮುಂಚೆ ಹೇಳಿ. ‘ಅಮ್ಮ ಎರೆಯದಿದ್ದರೆ ನಾನು ಕೈ ಒಡ್ಡುವುದಿಲ್ಲ’ ಎಂದು ಮಗಳು ಹೇಳಬೇಕು. ಅದಕ್ಕಿಂತ ಹೆಚ್ಚಾಗಿ, ವರ ಹೇಳಬೇಕು. ಗಂಡಿನ ಕಡೆಯಿಂದ ಆ ಮಾತು ಬಂದರೆ ಎದುರಾಡುವವರು ಯಾರೂ ಇರುವುದಿಲ್ಲ.

ಮಗಳನ್ನು ‘ಕೊಡುವುದು’ ಎಂಬ ಭಾವನೆಯೇ ನಿಮ್ಮಲ್ಲಿ ಕೆಲವರಿಗೆ ಇರುಸುಮುರುಸು ತರುತ್ತದೆಂದು ನನಗೆ ತಿಳಿದಿದೆ. ನನಗೂ ತರುತ್ತದೆ. ಆದರೆ ಆ ಕೊಡುವಿಕೆಯ ಜೊತೆಗೆ ಒಂದು ಕಟ್ಟುಪಾಡು ಇದೆ ಎಂಬುದನ್ನು ನೋಡಿ. ಧರ್ಮದಲ್ಲಿ, ಅರ್ಥದಲ್ಲಿ, ಕಾಮದಲ್ಲಿ ಇವಳನ್ನು ಮೀರಿ ನಡೆಯಬೇಡ ಎಂದು ಹೆಣ್ಣಿನ ತಂದೆ ಕೇಳುತ್ತಾನೆ. ‘ನಾತಿಚರಾಮಿ’ ಎಂದು ವರ ಉತ್ತರ ಕೊಡುತ್ತಾನೆ. ಮೀರುವುದಿಲ್ಲ ಎಂದು ಎಲ್ಲರೆದುರು ಮೂರು ಮಾತು ಒಪ್ಪಿಕೊಂಡ ಹಾಗಾಯಿತು. ಮೋಕ್ಷ ಒಂದನ್ನು ಬಿಟ್ಟು ಬದುಕಿನ ಎಲ್ಲವೂ ಅದರೊಳಗೆ ಬಂತು: ದುಡ್ಡಿನ ಲೆಕ್ಕ, ಹಾಸಿಗೆಯ ನಿಷ್ಠೆ, ಮನೆಯ ನಡಾವಳಿ. ಹುಡುಗರೇ, ಈ ಪದವನ್ನು ನೀವು ಮೈಕಿನಲ್ಲಿ ಹೇಳುತ್ತೀರಿ. ಅದರ ಅರ್ಥ ಗೊತ್ತಿಲ್ಲದೆ ಹೇಳಬೇಡಿ. ಹುಡುಗಿಯೂ ಅದೇ ಮಾತನ್ನು ನಿಮಗೆ ಹೇಳಿದರೆ ಶಾಸ್ತ್ರಕ್ಕೆ ಯಾವ ಕುಂದೂ ಬರುವುದಿಲ್ಲ. ಪುರೋಹಿತರನ್ನು ಕೇಳಿ, ಒಪ್ಪುವವರು ಇದ್ದಾರೆ.

ಧಾರೆ ಎರೆದ ಮಾತ್ರಕ್ಕೆ ಮಗಳು ತವರಿಗೆ ಹೊರಗಿನವಳಾಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಹಾಗೆಯೇ ಮದುವೆಯಲ್ಲಿ ಹುಡುಗಿಗೆ ಬಂದ ಒಡವೆ, ಸೀರೆ, ಉಡುಗೊರೆ ಎಲ್ಲವೂ ಸ್ತ್ರೀಧನ. ಅಗ್ನಿಯ ಎದುರು ಹೆಣ್ಣಿಗೆ ಕೊಟ್ಟದ್ದು ಅವಳದು ಎಂದು ಸ್ಮೃತಿಗಳೇ ಹೇಳಿವೆ, ವಿಜ್ಞಾನೇಶ್ವರ ಆ ಪಟ್ಟಿಯನ್ನು ಇನ್ನೂ ಹಿಗ್ಗಿಸಿದ. ಅದು ಹೆಂಡತಿಯ ಸ್ವಂತ ಆಸ್ತಿ, ಗಂಡನ ಮನೆಯವರ ಕೈಯಲ್ಲಿದ್ದರೂ ಒಡೆತನ ಅವಳದೇ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮದುವೆಯಾದ ವಾರದಲ್ಲಿ ‘ಒಡವೆ ಅತ್ತೆಯ ಬೀರುವಿನಲ್ಲಿರಲಿ’ ಎಂಬ ಮಾತು ಬಂದಾಗ ಇದು ಇಬ್ಬರಿಗೂ ಗೊತ್ತಿರಬೇಕು. ವರದಕ್ಷಿಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1961ರಿಂದ ಅದು ಅಪರಾಧ. ವರೋಪಚಾರ, ಕಾರು, ‘ನಿಮ್ಮ ಮಗಳಿಗೇ ಅಲ್ಲವಾ’ ಎಂಬ ಯಾವ ಹೆಸರಿನಲ್ಲಿ ಬಂದರೂ ಅದು ಅದೇ. ಅದನ್ನು ತೆಗೆದುಕೊಂಡ ಕೈಯಲ್ಲಿ ಪಾಣಿಗ್ರಹಣ ಮಾಡಬೇಡಿ.

ಲಾಜಹೋಮ, ಕಲ್ಲು ತುಳಿಯುವುದು ಇವೆರಡನ್ನು ಜೊತೆಯಾಗಿ ಹೇಳಿ ಮುಂದೆ ಹೋಗುತ್ತೇನೆ. ವಧುವಿನ ಬೊಗಸೆಗೆ ಅವಳ ಅಣ್ಣನೋ ತಮ್ಮನೋ ಭತ್ತದ ಅರಳು ತುಂಬುತ್ತಾನೆ, ಅದನ್ನು ಅವಳು ಅಗ್ನಿಗೆ ಅರ್ಪಿಸುತ್ತಾಳೆ. ತವರಿನ ಗದ್ದೆಯ ಬೆಳೆ, ಒಡಹುಟ್ಟಿದವನ ಕೈಯಿಂದ ಬಂದದ್ದು. ಕಲ್ಲು ತುಳಿಯುವಾಗ ವರ ಬಗ್ಗಿ ಅವಳ ಪಾದವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ಇಡುತ್ತಾನೆ, ಈ ಕಲ್ಲಿನಂತೆ ಸ್ಥಿರವಾಗಿರು, ಮೇಲೆ ಬೀಳುವವರನ್ನು ಎದುರಿಸು ಎನ್ನುತ್ತಾನೆ. ಕಾಲುಂಗುರ ತೊಡಿಸುವುದೂ ಹಲವು ಕಡೆ ಆಗಲೇ. ಗಂಡು ಹೆಣ್ಣಿನ ಪಾದ ಮುಟ್ಟುವ ಈ ಗಳಿಗೆಗೆ ಗೆಳೆಯರೆಲ್ಲ ಕೇಕೆ ಹಾಕುವುದು ಈಗ ರೂಢಿ. ಕೇಕೆ ಹಾಕದಂತೆ ಗೆಳೆಯರಿಗೆ ಮೊದಲೇ ಹೇಳಿಡಿ. ಎದುರಿಸಿ ನಿಲ್ಲು ಎಂದು ಹೆಣ್ಣಿಗೆ ಹೇಳುವ ಮಾತು ಅದು, ಆ ಮಾತು ಅವಳಿಗೆ ಕೇಳಿಸಬೇಕು.

ಅರುಂಧತಿ ದರ್ಶನಕ್ಕೆ ಬರೋಣ. ಮಧ್ಯಾಹ್ನ ಒಂದು ಗಂಟೆಗೆ, ನೆತ್ತಿಯ ಮೇಲೆ ಬಿಸಿಲಿರುವಾಗ, ಛತ್ರದ ಬಾಗಿಲಿಗೆ ಕರೆತಂದು ಆಕಾಶದತ್ತ ಕೈ ತೋರಿಸಿ ‘ಕಾಣ್ತಾ? ಕಾಣ್ತು ಅನ್ನಿ’ ಎಂದು ಮುಗಿಸುವುದು ಈಗಿನ ಪದ್ಧತಿ. ಸೂತ್ರಕಾರರು ಹೇಳಿದ್ದು ರಾತ್ರಿಯ ನಕ್ಷತ್ರದ ಬಗ್ಗೆ. ಧ್ರುವ, ಅರುಂಧತಿ, ಸಪ್ತರ್ಷಿಗಳನ್ನು ಕಂಡ ಮೇಲೆಯೇ ವಧು ಮೌನ ಮುರಿಯಬೇಕು ಎನ್ನುತ್ತದೆ ಆಶ್ವಲಾಯನ ಗೃಹ್ಯಸೂತ್ರ. ಇದನ್ನು ನಿಜವಾಗಿ ನೋಡುವುದು ಕಷ್ಟವೇನಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಮದುವೆಯಿದ್ದರೆ ರಾತ್ರಿ ಒಂಬತ್ತರ ಹೊತ್ತಿಗೆ ಮಹಡಿ ಹತ್ತಿ ಉತ್ತರಕ್ಕೆ ಮುಖ ಮಾಡಿ. ಆಕಾಶದ ಅರ್ಧ ಎತ್ತರದಲ್ಲಿ ಸಪ್ತರ್ಷಿ ಮಂಡಲ ಕಾಣುತ್ತದೆ. ನಾಲ್ಕು ನಕ್ಷತ್ರಗಳ ಚೌಕ, ಅದಕ್ಕೆ ಮೂರು ನಕ್ಷತ್ರಗಳ ಬಾಲ. ಬಾಲದ ನಡುವಿನದು ವಸಿಷ್ಠ. ಅದರ ಮೇಲೆ ಕಣ್ಣು ನಿಲ್ಲಿಸಿದರೆ ತೀರ ಹತ್ತಿರ, ಮಂಕಾಗಿ, ಇನ್ನೊಂದು ಚುಕ್ಕೆ ಇರುವುದು ತಿಳಿಯುತ್ತದೆ. ಅದು ಅರುಂಧತಿ. ಎರಡೂ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿವೆ. ಕಾರ್ತಿಕ, ಮಾರ್ಗಶಿರದ ಮದುವೆಯಾದರೆ ಸಂಜೆ ಸಿಗುವುದಿಲ್ಲ, ಬೆಳಗಿನ ಜಾವ ಎದ್ದು ಈಶಾನ್ಯದ ಕಡೆ ನೋಡಬೇಕು. ಧ್ರುವನನ್ನು ಹುಡುಕುವುದು ಇನ್ನೂ ಸ್ವಲ್ಪ ಕಷ್ಟ, ನಮ್ಮ ನಾಡಿನಿಂದ ಅವನು ಉತ್ತರ ದಿಗಂತಕ್ಕೆ ಬಹಳ ಸಮೀಪ ಇರುತ್ತಾನೆ. ಮೋಡವಿದ್ದರೆ ಇನ್ನೊಂದು ದಿನ ನೋಡಿ. ಛತ್ರದ ಬಾಗಿಲಲ್ಲಿ ಕಾಣದ್ದನ್ನು ಕಂಡೆವು ಎನ್ನುವುದಕ್ಕಿಂತ ಒಂದು ವಾರ ತಡವಾಗಿ ಕಂಡದ್ದು ಮೇಲು. ದಾಂಪತ್ಯದ ಮೊದಲ ದಿನವೇ ಸುಳ್ಳು ಹೇಳಿಸುವುದು ಬೇಡ.

ನಿಮ್ಮಲ್ಲಿ ಎಲ್ಲರ ಮದುವೆಯಲ್ಲೂ ಅಗ್ನಿ, ಸಪ್ತಪದಿ ಇರುವುದಿಲ್ಲ ಎಂಬುದು ಗೊತ್ತಿದೆ. ಮದುವೆಯಲ್ಲಿ ಊರೂರಿನ, ನಾಡುನಾಡಿನ ಪದ್ಧತಿ ಬೇರೆ ಬೇರೆ, ಅವನ್ನೇ ಅನುಸರಿಸಿ ಎಂದು ಆಶ್ವಲಾಯನನೇ ಆರಂಭದಲ್ಲಿ ಹೇಳಿಬಿಟ್ಟಿದ್ದಾನೆ. ಆಪಸ್ತಂಬನಂತೂ ಈ ಆಚಾರಗಳನ್ನು ಹೆಂಗಸರಿಂದ ಕೇಳಿ ತಿಳಿಯಬೇಕು ಎನ್ನುತ್ತಾನೆ. ಕೊಡವರ ದಂಪತಿ ಮುಹೂರ್ತದಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ. ಮುಕ್ಕಾಲಿಯ ಮೇಲೆ ಕೂತವರಿಗೆ ಹಿರಿಯರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ನಾಣ್ಯ ಕೊಟ್ಟು ಹರಸುತ್ತಾರೆ. ಸಂಬಂಧ ಅಡಕುವ ಹೊತ್ತಿನಲ್ಲಿ ಎರಡೂ ಮನೆಯ ಪರವಾಗಿ ಮಾತಾಡುವ ಅರುವರು ಎದುರುಬದುರು ನಿಂತು, ಹೆಣ್ಣಿಗೆ ಹೊಸ ಮನೆಯಲ್ಲಿ ಯಾವ ಹಕ್ಕಿದೆ ಎಂಬುದನ್ನು ಸವಾಲು ಜವಾಬಿನಲ್ಲಿ ಆಡಿ, ಹರಳುಕಲ್ಲು ಒಪ್ಪಿಸುತ್ತಾರೆ. ಅದಕ್ಕಿಂತ ಸ್ಪಷ್ಟವಾದ ಒಡಂಬಡಿಕೆ ಬೇರೆ ಬೇಕೆ? ಲಿಂಗಾಯತರಲ್ಲಿ ಹಲವರು ಇಂದು ಬಸವಾದಿ ಶರಣರ ವಚನಗಳನ್ನೇ ಹೇಳಿ ವಚನ ಮಾಂಗಲ್ಯ ನಡೆಸುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಂದರಗಂಬ, ಐರಣಿ, ಸುರಗಿ ನೀರು ಬಿಟ್ಟು ಮದುವೆಯೇ ಇಲ್ಲ. ಸಾಗರದ ಕಡೆಯ ದೀವರ ಹೆಂಗಸರು ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಗೆರೆ ತಪ್ಪದಂತೆ ಎಳೆಯುವ ಹಸೆ ಚಿತ್ತಾರದ ಮುಂದೆ ಮದುಮಕ್ಕಳನ್ನು ಕೂರಿಸುತ್ತಾರೆ. ಆ ಗೆರೆಗಳಲ್ಲಿ ಯಾವುದು ಏನೆಂದು ಎಳೆದ ಹೆಂಗಸಿಗೆ ಗೊತ್ತು, ಕೂತ ನಿಮಗೂ ಗೊತ್ತಿರಲಿ. ಟಿವಿಯಲ್ಲಿ ನೋಡಿದ ಹಲ್ದಿ, ಮೆಹಂದಿ, ಸಂಗೀತ್ ಮಾಡಿಕೊಳ್ಳಿ, ಸಂತೋಷದ ದಿನ ಅದು. ಆದರೆ ಅದಕ್ಕೆ ಹೊತ್ತು ಸಾಲದೆಂದು ನಿಮ್ಮ ಅಜ್ಜಿಯ ಸೋಬಾನೆಯನ್ನು ಕೈಬಿಡಬೇಡಿ. ಡಿಜೆಯನ್ನು ಕಾಲು ಗಂಟೆ ನಿಲ್ಲಿಸಿ, ಅವಳ ಕೈಗೆ ಮೈಕ್ ಕೊಡಿ.

ಈ ವಿಧಿಗಳಲ್ಲೇ ನಂಬಿಕೆಯಿಲ್ಲ ಎನ್ನುವವರೂ ನಿಮ್ಮಲ್ಲಿ ಇದ್ದೀರಿ. ನಿಮ್ಮನ್ನು ನಾನು ಗೌರವಿಸುತ್ತೇನೆ. ಕುವೆಂಪು ಅವರು ‘ಮಂತ್ರ ಮಾಂಗಲ್ಯ’ ರೂಪಿಸಿದ್ದು ನಿಮ್ಮಂಥವರಿಗಾಗಿಯೇ. ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಸರಳವಾಗಿ ನಡೆಸಿದರು. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ವಧೂವರರು ಆಡುವ ಮಾತು ಇಬ್ಬರಿಗೂ ಅರ್ಥವಾಗುವ ಕನ್ನಡದಲ್ಲಿ. ಅರ್ಥ ಗೊತ್ತಿಲ್ಲದೆ ನಡೆಸಿದ ಮೂರು ದಿನದ ಶಾಸ್ತ್ರೋಕ್ತ ಮದುವೆಗಿಂತ ಅರ್ಥ ತಿಳಿದು ಅರ್ಧ ಗಂಟೆಯಲ್ಲಿ ನಡೆದ ಮಂತ್ರ ಮಾಂಗಲ್ಯ ದೊಡ್ಡದು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಹಾಗಾದರೆ ನೀವು ಮಾಡಬೇಕಾದ್ದೇನು? ಬಹಳ ಇಲ್ಲ. ಮದುವೆಗೆ ತಿಂಗಳ ಮುಂಚೆ ಇಬ್ಬರೂ ಜೊತೆಯಾಗಿ ಪುರೋಹಿತರ ಮನೆಗೋ, ನಿಮ್ಮ ಸಮುದಾಯದ ಹಿರಿಯರ ಮನೆಗೋ ಹೋಗಿ ಒಂದು ಸಂಜೆ ಕೂತುಕೊಳ್ಳಿ. ಯಾವ ವಿಧಿ ಮಾಡಿಸುತ್ತೀರಿ, ಪ್ರತಿಯೊಂದರಲ್ಲಿ ನಾವು ಹೇಳುವ ಮಾತು ಯಾವುದು, ಅದನ್ನು ಕನ್ನಡದಲ್ಲಿ ಹೇಳಿ ಎಂದು ಕೇಳಿ. ಬಹಳ ಮಂದಿ ಪುರೋಹಿತರಿಗೆ ಇದು ಸಂತೋಷದ ಕೆಲಸ. ಕೇಳುವವರಿಲ್ಲ ಎಂಬ ಬೇಸರ ಅವರಿಗೂ ಇದೆ. ಅಮೆರಿಕದಲ್ಲಿ ನಡೆಯುವ ಕನ್ನಡಿಗರ ಮದುವೆಗಳಲ್ಲಿ ಪುರೋಹಿತರು ಒಂದೊಂದು ವಿಧಿಗೂ ನಿಂತು ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಾರೆ, ಬಂದವರು ಕೊನೆಯವರೆಗೆ ಕೂತು ಕೇಳುತ್ತಾರೆ. ದಾವಣಗೆರೆಯಲ್ಲಿ, ಹಾಸನದಲ್ಲಿ, ಧಾರವಾಡದಲ್ಲಿ ಅದು ಕನ್ನಡದಲ್ಲಿ ಆಗಲು ಯಾವ ಅಡ್ಡಿಯೂ ಇಲ್ಲ.

ಲಗ್ನಪತ್ರಿಕೆಯಲ್ಲಿ ಮುಹೂರ್ತದ ಸಮಯದ ಕೆಳಗೆ ಸಪ್ತಪದಿಯ ಸಮಯವನ್ನೂ ಅಚ್ಚು ಹಾಕಿಸಿ. ಮೊದಲ ಪಂಕ್ತಿ ಅದಾದ ಮೇಲೆಯೇ ಎಂದು ಅಡುಗೆಯವರಿಗೆ ಹೇಳಿ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮಕ್ಕಳು ಹಸಿದು ಕೂರಬಾರದು, ಅವರಿಗೆ ಮೊದಲೇ ಉಪ್ಪಿಟ್ಟು ಕೇಸರಿಬಾತು ಕೊಡಿಸಿ. ಉಡುಗೊರೆಯ ಸಾಲನ್ನು ಏಳನೆಯ ಹೆಜ್ಜೆಯ ಮುಂಚೆ ಶುರು ಮಾಡಿಸಬೇಡಿ. ಏಳು ಹೆಜ್ಜೆಯ ಅರ್ಥವನ್ನು ಕನ್ನಡದಲ್ಲಿ ಓದಲು ನಿಮ್ಮ ಮನೆಯ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಮೈಕಿನ ಹತ್ತಿರ ನಿಲ್ಲಿಸಿ. ಪ್ರತಿ ಹೆಜ್ಜೆಗೂ ನಿಂತು, ಕೇಳಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ ಮುಂದಿನದನ್ನು ಇಡಿ. ಇಷ್ಟಕ್ಕೆ ಹಿಡಿಯುವುದು ಹತ್ತು ನಿಮಿಷ. ಯಾರಾದರೂ ಬಂದು ಬೇಗ ಮುಗಿಸಿ ಎಂದರೆ, ಆ ದಿನ ಆ ಮಂಟಪದಲ್ಲಿ ತಡೆದು ನಿಲ್ಲಿಸುವ ಅಧಿಕಾರ ಇರುವುದು ನಿಮ್ಮಿಬ್ಬರಿಗೇ. ಅದನ್ನು ಬಳಸಿ.

ನಿಮಗೆ ಒಳ್ಳೆಯದಾಗಲಿ.

ಇಂತಿ,
ನಿಮ್ಮ ಮದುವೆಗಳಿಗೆ ಬಂದು ಕೊನೆಯ ಹೆಜ್ಜೆಯವರೆಗೂ ಕೂತಿರಲು ಬಯಸುವ
ಒಬ್ಬ ಹಿತೈಷಿ